ನೋಡಿದರೆ ಗುರುತಿಸುತ್ತೇನೆ

ಕೋರ್ಟಿನ ಬೆರಳಚ್ಚು ಕೆಲಸಕ್ಕೆ ಹೊಸದಾಗಿ ಸೇರಿದವರ ಬೆರಳಿಗೆ ಮೊದಲ ಕೆಲವು ತಿಂಗಳಲ್ಲೇ ಒಂದಷ್ಟು ವಾಕ್ಯಗಳು ಅಂಟಿಕೊಳ್ಳುತ್ತವೆ. ಅವನ್ನು ಯೋಚಿಸದೆಯೇ ಹೊಡೆಯಬಹುದು. ಅವುಗಳಲ್ಲಿ ಒಂದು ಇದು: ‘ಸುಮಾರು ಇಪ್ಪತ್ತು ಅಡಿ ದೂರದಿಂದ ಹಗಲು ಬೆಳಕಿನಲ್ಲಿ ಆರೋಪಿಯನ್ನು ಚೆನ್ನಾಗಿ ನೋಡಿದ್ದು, ಪುನಃ ನೋಡಿದರೆ ಗುರುತಿಸುತ್ತೇನೆ.’ ಸುಳ್ಯ ಮತ್ತು ಪುತ್ತೂರಿನ ಕೋರ್ಟುಗಳಲ್ಲಿ ಇದನ್ನು ಎಷ್ಟು ಸಲ ಟೈಪ್ ಮಾಡಿದ್ದೇನೋ ನನಗೇ ಗೊತ್ತಿಲ್ಲ. ನಿವೃತ್ತಿಯಾದ ಮರುವರ್ಷ ಈ ಮಾತನ್ನು ನಾನೇ ನನ್ನ ಬಾಯಿಂದ ಹೇಳಿದೆ. ಅದರಿಂದಾಗಿ ಒಬ್ಬ ಮನುಷ್ಯ ಹಲವು ತಿಂಗಳು ಜೈಲಿನಲ್ಲಿದ್ದ. ಅವನು ಅಲ್ಲಿರಬೇಕಾದವನೋ ಅಲ್ಲವೋ ಎಂಬುದು ನನಗೆ ಇವತ್ತಿಗೂ ತಿಳಿಯದು. ಈಗ ಈ ಕೆಲಸಕ್ಕೆ ಬರುತ್ತಿರುವವರಿಗಾಗಿ ಏನಾದರೂ ಬರೆಯಿರಿ ಎಂದು ಹಳೆಯ ಸಹೋದ್ಯೋಗಿಗಳು ಕೇಳಿದಾಗ, ಇದನ್ನು ಬಿಟ್ಟು ಬೇರೇನು ಬರೆದರೂ ಬರೆದಂತಾಗದು ಎನಿಸಿತು.

ನನ್ನ ಊರು ಮಂಡೆಕೋಲು. ಪುತ್ತೂರಿನಲ್ಲಿ ಬಿ.ಕಾಂ. ಓದಿ, ಟೈಪಿಂಗ್ ಪರೀಕ್ಷೆ ಪಾಸು ಮಾಡಿ ಸುಳ್ಯದಲ್ಲಿ ಕೆಲಸಕ್ಕೆ ಸೇರಿದೆ. ಸಾಕ್ಷಿ ಹೇಳಿದ್ದನ್ನು ನ್ಯಾಯಾಧೀಶರು ಬರಹದ ಭಾಷೆಗೆ ತಿರುಗಿಸಿ ಹೇಳುತ್ತಾರೆ, ನಾವು ಟೈಪ್ ಮಾಡುತ್ತೇವೆ. ಕೆಲವು ನ್ಯಾಯಾಧೀಶರು ಸರಳ ಮಾತುಗಳನ್ನು ನಮಗೇ ಬಿಡುತ್ತಿದ್ದರು. ನನ್ನ ಮೊದಲ ತಪ್ಪು ಹಾಗೆ ಆದದ್ದು.

ನೀರಿನ ತೋಡಿನ ವಿಷಯದಲ್ಲಿ ಇಬ್ಬರು ಹೊಡೆದಾಡಿದ ಕೇಸು. ಸಾಕ್ಷಿ ನಮ್ಮೂರಿನ ಕಡೆಯ ಕೃಷಿಕರು, ಅರೆಭಾಷೆ ಮಾತಾಡುವವರು. ನೀವು ಎಷ್ಟು ದೂರದಲ್ಲಿದ್ದಿರಿ ಎಂದು ವಕೀಲರು ಕೇಳಿದಾಗ ಅವರು ಎರಡೂ ಕೈ ಚಾಚಿ, “ಇಷ್ಟ್ ದೂರ ಸ್ವಾಮಿ” ಎಂದರು. ನಾನು ‘ಇಷ್ಟು ದೂರ’ ಎಂದು ಹೊಡೆದೆ. ನ್ಯಾಯಾಧೀಶರು ವಯಸ್ಸಾದವರು, ದನಿ ಏರಿಸದವರು. ಹಾಳೆಯತ್ತ ಬಾಗಿ ನೋಡಿದರು.

“ವಾರಿಜಾ, ನಾಳೆ ಮೇಲಿನ ಕೋರ್ಟಿನವರು ಈ ಕಾಗದ ಓದುತ್ತಾರೆ. ಅವರಿಗೆ ಇಷ್ಟು ಅಂದ್ರೆ ಎಷ್ಟು?”

“ಸುಮಾರು ಇಪ್ಪತ್ತು ಅಡಿ ಅಂತ ಹಾಕುದಾ ಸಾರ್?”

“ನೀವು ಅಳೆದು ಬಂದದ್ದಾ?”

ಆಮೇಲೆ ಅವರು ಸಾಕ್ಷಿಯ ಕಡೆ ತಿರುಗಿ, ಆ ದೂರವನ್ನು ಈ ಕೋರ್ಟ್ ಹಾಲಿನಲ್ಲೇ ತೋರಿಸಿ ಎಂದರು. ಅವರು ಎರಡನೆಯ ಕಿಟಕಿಯನ್ನು ತೋರಿಸಿ, “ನಾ ಹೋಗಿ ಮುಟ್ಟಿ ಬರೊಕಾ ಸ್ವಾಮಿ?” ಎಂದರು. ಹಾಲ್ ನಕ್ಕಿತು. ಟೇಪು ತರಿಸಿ ಅಳೆಸಿದ ಮೇಲೆ ನ್ಯಾಯಾಧೀಶರು ನನಗೆ ಹೇಳಿ ಬರೆಸಿದರು: ‘(ಸಾಕ್ಷಿಯು ಹಾಲಿನ ಎರಡನೆಯ ಕಿಟಕಿಯನ್ನು ತೋರಿಸುತ್ತಾರೆ. ಅಳತೆ ಹದಿನಾಲ್ಕು ಅಡಿ.)’ ಸಂಜೆ ಎದ್ದು ಹೋಗುವಾಗ ಮೇಜಿನ ಬಳಿ ನಿಂತು ಹೇಳಿದರು. “ಬಾಯಲ್ಲಿ ಹೇಳದೆ ಕೈಯಲ್ಲಿ ತೋರಿಸಿದ್ದನ್ನು ಆವರಣದೊಳಗೆ ಬರೆಯಬೇಕು. ಹೇಳದೆ, ತೋರಿಸದೆ ಇದ್ದದ್ದನ್ನು ಆವರಣದೊಳಗೂ ಬರೆಯಬಾರದು.”

ಆಗ ಟೈಪ್‌ರೈಟರಿನ ಕಾಲ. ನಾಲ್ಕು ಹಾಳೆ, ನಡುವೆ ಮೂರು ಕಾರ್ಬನ್. ಒಂದಕ್ಷರ ತಪ್ಪಿದರೆ ನಾಲ್ಕನ್ನೂ ಬ್ಲೇಡಿನಲ್ಲಿ ಕೆರೆಯಬೇಕು. ಆ ಹೆದರಿಕೆಗೆ ಬೆರಳು ಒಂದು ಕ್ಷಣ ನಿಲ್ಲುತ್ತಿತ್ತು, ಕಿವಿ ಚುರುಕಾಗುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ನಿನ್ನೆಯ ಕಡತವನ್ನು ತೆರೆದು, ಹೆಸರು ಬದಲಿಸಿ, ಕೆಳಗಿನದನ್ನು ಅಳಿಸಿ ಮುಂದುವರಿಸುವುದು ರೂಢಿಯಾಯಿತು. ಒಮ್ಮೆ ಹಿಂದಿನ ಕೇಸಿನ ಸಾಕ್ಷಿಯ ತಂದೆಯ ಹೆಸರು ಹಾಗೇ ಉಳಿದುಬಿಟ್ಟಿತ್ತು. ವಕೀಲರೊಬ್ಬರು ಎದ್ದು, “ಮೇಡಂ, ನಮ್ಮ ಸಾಕ್ಷಿಗೆ ನೀವು ಇವತ್ತು ಹೊಸ ಅಪ್ಪನನ್ನು ಕೊಟ್ಟಿದ್ದೀರಿ. ಹಳಬರು ಹೊರಗೆ ಬೆಂಚಿನಲ್ಲಿ ಕೂತಿದ್ದಾರೆ, ಎಂತ ಹೇಳುದು ಅವರಿಗೆ?” ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ತಂದೆಯ ಹೆಸರಿನ ತಪ್ಪು ಕಣ್ಣಿಗೆ ಬೀಳುತ್ತದೆ. ಸಾಕ್ಷಿ ಹೇಳದ ‘ಚೆನ್ನಾಗಿ’ ಎಂಬ ಮಾತು ಕಣ್ಣಿಗೆ ಬೀಳುವುದಿಲ್ಲ.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಪೊಲೀಸರ ಮುಂದೆ ಹೇಳಿದ್ದನ್ನು ಕಟಕಟೆಯಲ್ಲಿ ಹೇಳದ ಸಾಕ್ಷಿಯನ್ನು ಪ್ರತಿಕೂಲ ಸಾಕ್ಷಿ ಎನ್ನುತ್ತೇವೆ. ಆ ಎರಡು ಪದಗಳನ್ನು ಹೊಡೆಯುವಾಗ ನನಗೆ ಸಾಕ್ಷಿಯ ಮುಖ ನೋಡಲೂ ಮನಸ್ಸಾಗುತ್ತಿರಲಿಲ್ಲ. ಹೆದರಿದವರು, ಇಲ್ಲವೇ ಮಾರಿಕೊಂಡವರು. ಮೂರನೆಯ ತರದವರು ಇರಬಹುದೆಂದು ನನಗೆ ಹೊಳೆದಿರಲಿಲ್ಲ.

ನನ್ನ ತಂಗಿಯ ಮನೆ ಕಡಬದ ಹತ್ತಿರ. ನಾನಿರುವುದು ಕಬಕದಲ್ಲಿ. ನಿವೃತ್ತಿಯ ನಂತರ ತಿಂಗಳಿಗೊಮ್ಮೆಯಾದರೂ ಬಸ್ಸು ಹತ್ತಿ ತಂಗಿಯ ಮನೆಗೆ ಹೋಗುತ್ತಿದ್ದೆ. ಆ ದಾರಿಯಲ್ಲಿ, ನೆಲ್ಯಾಡಿಗೆ ಹೋಗುವ ರಸ್ತೆಯ ಬದಿಯಲ್ಲಿ, ಏಲಿಕುಟ್ಟಿ ಚೇಚಿಯ ಗಿಡದ ನರ್ಸರಿ. ಚೇಚಿ ಎಂದರೆ ಮಲಯಾಳಂನಲ್ಲಿ ಅಕ್ಕ. ಆಕೆಯ ತಂದೆ ರಬ್ಬರ್ ಬೆಳೆಯಲು ಕೇರಳದಿಂದ ಬಂದವರು. ಚೇಚಿಗೆ ರಬ್ಬರಿಗಿಂತ ಕಸಿಯ ಹುಚ್ಚು. ಜಾಯಿಕಾಯಿ, ರಂಬುಟಾನ್, ಪೊದೆ ಮೆಣಸು, ಎಲ್ಲವನ್ನೂ ತಾವೇ ಕಸಿ ಕಟ್ಟುತ್ತಿದ್ದರು. ಕಸಿ ಕೂಡಿಸಿದಲ್ಲಿ ಪ್ಲಾಸ್ಟಿಕ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ತುದಿಯನ್ನು ಕೊನೆಯ ಸುತ್ತಿನ ಅಡಿಗೆ ತೂರಿಸಿ ಎಳೆಯುತ್ತಿದ್ದರು. ಎಲ್ಲಿಯೂ ಗಂಟು ಇರುತ್ತಿರಲಿಲ್ಲ.

“ಮೇಲಿಂದ ಕೆಳಗೆ ಸುತ್ತಿದ್ರೆ ನೀರು ಒಳಗೆ ಹೋಗ್ತದೆ, ಮೋಳೆ. ಗಂಟು ಹಾಕಿದ್ರೆ ಗಿಡದ ಕುತ್ತಿಗೆ ಕುಯ್ತದೆ” ಎನ್ನುತ್ತಿದ್ದರು. ಮೋಳೆ ಎಂದರೆ ಮಗಳೇ. ನನಗಿಂತ ಏಳೆಂಟು ವರ್ಷ ಹಿರಿಯರಷ್ಟೇ, ಆದರೂ ಹಾಗೇ ಕರೆಯುತ್ತಿದ್ದರು.

ಅವರ ಕುತ್ತಿಗೆಯಲ್ಲಿ ಮದುವೆಯ ಮಿನ್ನು, ಅಂದರೆ ಅವರ ತಾಳಿ, ಇದ್ದ ಸರ. ಅದರ ಕೊಂಡಿ ಸವೆದು ಕಳಚಿಕೊಳ್ಳುತ್ತಿತ್ತೆಂದು ಅದಕ್ಕೂ ಕಸಿಯ ಟೇಪು ಸುತ್ತಿದ್ದರು. “ಚೇಚಿ, ಚಿನ್ನಕ್ಕೂ ಕಸಿಯಾ?” ಎಂದು ನಾನು ತಮಾಷೆ ಮಾಡಿದ್ದೆ.

“ಆಚಾರಿ ಹತ್ರ ಹೋಗ್ಲಿಕ್ಕೆ ಪುರ್ಸೊತ್ತು ಎಲ್ಲುಂಟು? ಚಿಗುರಿದ್ರೆ ನಿನಗೂ ಒಂದು ಕೊಡ್ತೇನೆ.”

ಅದು ಒಂದು ಮಧ್ಯಾಹ್ನ, ಮೂರು ಗಂಟೆಯ ಹೊತ್ತು. ನಾನು ನೆರಳಿಗೆ ಕಟ್ಟಿದ ಹಸಿರು ಬಲೆಯ ಹಿಂದೆ ಒಂದು ಪೊದೆ ಮೆಣಸಿನ ಗಿಡವನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದೆ. ಬೈಕ್ ನಿಂತ ಸದ್ದಾಯಿತು. ಹೆಲ್ಮೆಟ್ ಹಾಕಿದವನು ಬೈಕಿನಲ್ಲೇ ಕುಳಿತಿದ್ದ. ಟೊಪ್ಪಿ ಹಾಕಿದ ಇನ್ನೊಬ್ಬ ಇಳಿದು ಬಂದು ಜಾಯಿಕಾಯಿ ಗಿಡ ಉಂಟಾ ಎಂದು ಕೇಳಿದ್ದು ಕೇಳಿಸಿತು. ಆಮೇಲೆ ಚೇಚಿಯ ಕೂಗು. ನಾನು ಬಲೆ ಸರಿಸಿ ಹೊರಬಂದೆ. ಅವನು ಸರ ಎಳೆಯುತ್ತಿದ್ದ. ಕೊಂಡಿ ಬಿಚ್ಚಿಕೊಳ್ಳಲಿಲ್ಲ, ಟೇಪು ಅಷ್ಟು ಬಿಗಿಯಾಗಿತ್ತು. ಚೇಚಿ ಬಲಗೈಯಿಂದ ಸರ ಹಿಡಿದುಕೊಂಡಿದ್ದರು. ಬಲೆ ಕಟ್ಟಲು ತಂದಿಟ್ಟಿದ್ದ ಕಬ್ಬಿಣದ ಪೈಪಿನ ತುಂಡೊಂದು ಅಲ್ಲೇ ಒರಗಿತ್ತು. ಅವನು ಅದನ್ನು ತೆಗೆದು ಅವರ ಮೊಣಕೈಗೆ ಹೊಡೆದ. ಆ ಸದ್ದನ್ನು ನಾನು ಬರೆಯಲಾರೆ. ಚೇಚಿಯ ಹಿಡಿತ ತಪ್ಪಿತು, ಸರ ಬೇರೆಲ್ಲೋ ತುಂಡಾಗಿ ಅವನ ಕೈಗೆ ಬಂತು.

ಆಗ ಅವನು ನನ್ನ ಕಡೆ ತಿರುಗಿ ಪೈಪ್ ಎತ್ತಿದ. ಹೊಡೆಯಲಿಲ್ಲ. ನಮ್ಮಿಬ್ಬರ ನಡುವೆ ಗಿಡದ ಚೀಲಗಳ ಒಂದು ಸಾಲು ಇತ್ತು. ಪೈಪಿನ ತುದಿ ನನಗೆ ನೇರವಾಗಿತ್ತು. ದುಂಡಗಿನ ತೂತು, ಅದರೊಳಗೆ ಗಟ್ಟಿಯಾಗಿ ತುಂಬಿಕೊಂಡ ಕೆಂಪು ಮಣ್ಣು, ಮಣ್ಣಿನಲ್ಲಿ ಸಿಕ್ಕ ಒಂದು ಹಸಿರು ದಾರದ ಎಳೆ. ಇವತ್ತಿಗೂ ಕಬಕದ ಜಂಕ್ಷನ್‌ನಲ್ಲಿ ನನ್ನ ಹಿಂದೆ ಬೈಕ್ ನಿಂತರೆ ಕಣ್ಣ ಮುಂದೆ ಬರುವುದು ಆ ತೂತು. ಅವನು ಪೈಪನ್ನು ಗಿಡಗಳ ಮೇಲೆ ಎಸೆದು ಓಡಿ ಬೈಕ್ ಹತ್ತಿದ. ನನ್ನ ಕೈಯಲ್ಲಿದ್ದ ಗಿಡ ಕೆಳಗೆ ಬಿದ್ದದ್ದು ನನಗೆ ಗೊತ್ತೇ ಆಗಿರಲಿಲ್ಲ.

ಪೊಲೀಸರು ಬಂದರು. ಹೇಳಿಕೆ ಬರೆಯಲು ಕೂತ ಪೇದೆ ನನ್ನನ್ನು ಪುತ್ತೂರು ಕೋರ್ಟಿನಲ್ಲಿ ನೋಡಿದವರು. “ಮೇಡಂ, ನಿಮಗೆ ನಾನು ಎಂತ ಕೇಳುದು? ನೀವೇ ಹೇಳಿ, ಬರ್ಕೊಳ್ತೇನೆ” ಎಂದರು. ಚೇಚಿಯ ಕೂಗು ಇನ್ನೂ ಕಿವಿಯಲ್ಲಿತ್ತು. ಆದರೆ ಬಾಯಿ ತೆರೆದಾಗ ಬಂದದ್ದು ಮೂರು ದಶಕದ ಅಭ್ಯಾಸದ ದನಿ. ದಿನಾಂಕ, ಸಮಯ, ಸ್ಥಳ, ಸುಮಾರು ಇಪ್ಪತ್ತು ಅಡಿ, ಹಗಲು ಬೆಳಕು, ಚೆನ್ನಾಗಿ ನೋಡಿದ್ದು, ಪುನಃ ನೋಡಿದರೆ ಗುರುತಿಸುತ್ತೇನೆ. ಒಂದು ಪದವೂ ತಡವರಿಸಲಿಲ್ಲ. ನಿಜ ಹೇಳಬೇಕೆಂದರೆ, ಆ ವಾಕ್ಯ ಹೇಳಿದ ಮೇಲೆ ಕೂಗು ದೂರವಾಯಿತು. ಎಲ್ಲ ಕುಸಿದು ಬಿದ್ದ ಜಾಗದಲ್ಲಿ ನನಗೆ ಪರಿಚಯವಿದ್ದದ್ದು ಅದೊಂದೇ. ಪೇದೆ ಪೆನ್ನು ಮುಚ್ಚಿ, “ಒಂದು ಕಾಟು ಹೊಡೀಲಿಕ್ಕೆ ಇಲ್ಲ ನೋಡಿ ಮೇಡಂ” ಎಂದರು.

ಕೆಲವು ವಾರಗಳ ನಂತರ ಇಬ್ಬರನ್ನು ಹಿಡಿದರು. ಮೊದಲನೆಯವನು, ಅಂದರೆ ಬೈಕಿನಲ್ಲೇ ಕುಳಿತಿದ್ದವನು ಎಂದು ಪೊಲೀಸರು ಹೇಳಿದವನು, ತೋರಿಸಿಕೊಟ್ಟ ಜಾಗದಲ್ಲಿ ಸರ ಸಿಕ್ಕಿತು. ಎರಡನೆಯವನ ಹೆಸರನ್ನು ಹೇಳಿದ್ದೂ ಅವನೇ. ಹೊಸಬರು ಇದನ್ನು ತಿಳಿದಿರಬೇಕು: ಒಬ್ಬ ಆರೋಪಿ ಪೊಲೀಸರ ಮುಂದೆ ಇನ್ನೊಬ್ಬನ ಹೆಸರು ಹೇಳಿದರೆ ಅದು ಸಾಕ್ಷ್ಯವಾಗುವುದಿಲ್ಲ. ಅವನು ತೋರಿಸಿದ ಜಾಗದಲ್ಲಿ ವಸ್ತು ಸಿಕ್ಕಿದರೆ ಅದು ಸಾಕ್ಷ್ಯ. ಹಾಗಾಗಿ ಪೈಪ್ ಎತ್ತಿದವನು ಎನ್ನಲಾದ ಎರಡನೆಯವನ ವಿರುದ್ಧ ಇದ್ದದ್ದು ನನ್ನ ಕಣ್ಣು ಮಾತ್ರ. ಚೇಚಿ ಕಸಿಯ ಕೆಲಸಕ್ಕೆಂದು ಹತ್ತಿರದ ಕನ್ನಡಕ ಹಾಕಿಕೊಂಡಿದ್ದರು. ಅದರಲ್ಲಿ ಅವರಿಗೆ ಟೇಪು ಕಾಣುತ್ತದೆ, ಗಿರಾಕಿಯ ಮುಖ ಮಂಜು.

ಜೈಲಿನಲ್ಲಿ ಗುರುತಿನ ಪರೇಡ್ ಆಯಿತು. ತಹಶೀಲ್ದಾರರ ಎದುರು ಒಂದೇ ತರದ ಮೈಕಟ್ಟಿನ ಒಂಬತ್ತು ಜನ ಸಾಲಾಗಿ ನಿಂತಿದ್ದರು. ನಾನು ಒಮ್ಮೆ ನಡೆದು ಹೋಗಿ, ಹಿಂದೆ ಬಂದು, ನಾಲ್ಕನೆಯವನನ್ನು ಮುಟ್ಟಿ ತೋರಿಸಿದೆ. ಅವನೇ ಎರಡನೆಯ ಆರೋಪಿ. ಕಾಗದಕ್ಕೆ ಸಹಿ ಹಾಕಿ ಮನೆಗೆ ಬಂದೆ.

ಆ ವಾರ ಪೂರ್ತಿ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಈ ಮುಖ ನನಗೆ ಎಲ್ಲಿಂದ ಗೊತ್ತು? ಆ ಮಧ್ಯಾಹ್ನವನ್ನು ಮತ್ತೆ ಮತ್ತೆ ಮೊದಲಿನಿಂದ ನಡೆಸಿ ನೋಡಿದೆ. ಬೈಕಿನ ಸದ್ದು, ಕೂಗು, ಬಲೆ, ಏಟು, ತಿರುಗಿದ ಟೊಪ್ಪಿ. ಟೊಪ್ಪಿಯ ಕೆಳಗೆ ಮುಖ ಬರಬೇಕಾದಲ್ಲಿ ಪ್ರತಿ ಸಲವೂ ಪೈಪಿನ ತೂತು ಬಂತು. ಕೊನೆಗೆ ಫೋನ್ ತೆಗೆದು ತಂಗಿಯ ಮನೆಯ ಕಡೆಯವರ ಗುಂಪಿನ ಸಂದೇಶಗಳನ್ನು ಹಿಂದೆ ಹಿಂದೆ ಸರಿಸಿದೆ. ಪರೇಡಿಗೆ ನಾಲ್ಕು ದಿನ ಮೊದಲು ಯಾರೋ ಕಳಿಸಿದ ಫೋಟೋ: ಇಬ್ಬರು ಜೀಪು ಹತ್ತುತ್ತಿದ್ದಾರೆ, ಕೆಳಗೆ ‘ಇವರೇ ಅಂತೆ’ ಎಂದು ಬರೆದಿದೆ. ಅದನ್ನು ನಾನು ನೋಡಿದ್ದೆ. ದೊಡ್ಡದು ಮಾಡಿಯೂ ನೋಡಿದ್ದೆ. ಜೈಲಿನ ಸಾಲಿನಲ್ಲಿ ನಾನು ಮುಟ್ಟಿದ್ದು ಆ ಫೋಟೋವನ್ನೋ ಆ ಮಧ್ಯಾಹ್ನವನ್ನೋ?

ಯಾರಿಗೂ ಹೇಳಲಿಲ್ಲ. ಹೇಳುವುದು ಕಟಕಟೆಯಲ್ಲಿ ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಅದು ಹೇಡಿತನವೂ ಇರಬಹುದು. ಅಷ್ಟು ದಿನವೂ ಅವನು ಒಳಗೇ ಇದ್ದ.

ವಿಚಾರಣೆ ಪುತ್ತೂರಿನಲ್ಲಿ. ಚೇಚಿಯ ಸಾಕ್ಷ್ಯ ಮೊದಲು, ನನ್ನದು ಮರುದಿನ. ಅವರ ಮೊಣಕೈ ಕೂಡಿಕೊಂಡಿತ್ತು, ಆದರೆ ಅರ್ಧ ಮಡಚಿದಲ್ಲೇ ನಿಂತುಬಿಟ್ಟಿತ್ತು. ಕಸಿಯ ಚೂರಿ ಹಿಡಿಯಲು ಆಗುತ್ತಿರಲಿಲ್ಲ. ತಮ್ಮ ಕೆಲಸ ಮುಗಿದಿದ್ದರೂ ಅವರು ನನ್ನ ಜೊತೆಗೆಂದು ಬಂದು ಹೊರಗಿನ ಬೆಂಚಿನಲ್ಲಿ ಕೂತಿದ್ದರು. “ನನ್ನ ಕನ್ನಡ ಯಾರಿಗೆ ಅರ್ಥ ಆಯ್ತೋ ಇಲ್ವೋ ಕರ್ತನಿಗೇ ಗೊತ್ತು. ನೀನು ಹೇಳಿದ್ರೆ ಸಾಕು ಮೋಳೆ. ನೀನು ಕೋರ್ಟಿನವಳು” ಎಂದರು. ಸರ್ಕಾರಿ ವಕೀಲರು ದಾಟಿ ಹೋಗುವಾಗ, “ನೀವು ಸಾಕ್ಷಿ ಅಂದ್ರೆ ನನಗೆ ಇವತ್ತು ರಜೆ ಸಿಕ್ಕಿದ ಹಾಗೆ ಮೇಡಂ” ಎಂದು ನಕ್ಕರು.

ಕಟಕಟೆಯಿಂದ ಹಾಲ್ ಬೇರೆಯೇ ಕಾಣುತ್ತದೆ. ನನ್ನ ಹಳೆಯ ಜಾಗದಲ್ಲಿ ಹೊಸ ಹುಡುಗಿಯೊಬ್ಬಳು ಕುಳಿತಿದ್ದಳು. ಅವಳ ಬೆರಳುಗಳು ಕೀಲಿಗಳ ಮೇಲೆ ಕಾಯುತ್ತಿದ್ದವು. ಮುಂದಿನ ವಾಕ್ಯ ಅವಳಿಗೆ ಆಗಲೇ ಗೊತ್ತಿದೆ ಎಂದು ನನಗೆ ತಿಳಿದಿತ್ತು.

“ಅವತ್ತು ಹೊಡೆದ ವ್ಯಕ್ತಿ ಇಲ್ಲಿ ಇದ್ದಾರಾ?” ಸರ್ಕಾರಿ ವಕೀಲರು ಕೇಳಿದರು.

“ಎರಡನೆಯವರನ್ನು ನಾನು ಪರೇಡಿನಲ್ಲಿ ತೋರಿಸಿದ್ದೇನೆ” ಎಂದೆ. “ಆದರೆ ಅದಕ್ಕಿಂತ ನಾಲ್ಕು ದಿನ ಮೊದಲು ಇವರ ಫೋಟೋವನ್ನು ನನ್ನ ಫೋನಿನಲ್ಲಿ ನೋಡಿದ್ದೆ. ನಾನು ಗುರುತಿಸಿದ್ದು ಅವತ್ತಿನ ಮುಖವೋ ಫೋಟೋದ ಮುಖವೋ, ನನಗೆ ಹೇಳಲಿಕ್ಕೆ ಆಗುವುದಿಲ್ಲ.”

ಕೀಲಿಗಳ ಸದ್ದು ನಿಂತಿತು. ನ್ಯಾಯಾಧೀಶರು ತಲೆಯೆತ್ತಿದರು. “ಗುರುತಿಸುತ್ತೇನೆ ಅಂತ ಪೊಲೀಸರಿಗೆ ಹೇಳಿದ್ದೀರಲ್ಲ?”

“ಹೇಳಿದ್ದೇನೆ, ಸ್ವಾಮಿ. ಆ ವಾಕ್ಯ ನನಗೆ ಅಭ್ಯಾಸ. ಟೈಪ್ ಮಾಡಿ ಮಾಡಿ ಬಂದದ್ದು.”

ಸರ್ಕಾರಿ ವಕೀಲರು ಕಡತದಲ್ಲಿ ನನ್ನ ಹೇಳಿಕೆಯ ಪುಟ ತಿರುವಿದರು. ಆಮೇಲೆ, ಈ ಭಾಗದ ಮಟ್ಟಿಗೆ ಸಾಕ್ಷಿಯನ್ನು ಪ್ರತಿಕೂಲ ಎಂದು ಪರಿಗಣಿಸಿ ಪ್ರಶ್ನಿಸಲು ಅನುಮತಿ ಕೇಳಿದರು. ಆ ಎರಡು ಪದಗಳು ನನ್ನ ಹೆಸರಿನ ಕೆಳಗೆ ಬೀಳುವ ಸದ್ದನ್ನು ಕೇಳಿದೆ. ಹುಡುಗಿ ನನ್ನ ಮುಖ ನೋಡಲಿಲ್ಲ. ವಕೀಲರ ಪ್ರಶ್ನೆ, ನನ್ನ ಉತ್ತರ ಎರಡೂ ಸೇರಿ ಹಾಳೆಗೆ ಇಳಿಯುವುದು ಹೀಗೆ: ಆರೋಪಿಗಳೊಂದಿಗೆ ಶಾಮೀಲಾಗಿ ಸುಳ್ಳು ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ. ಹೆದರಿಕೆಯಿಂದ ಸತ್ಯ ಮುಚ್ಚಿಡುತ್ತಿದ್ದೇನೆ ಎಂದರೆ ಸರಿಯಲ್ಲ. ಸಾಲುಗಳೆಲ್ಲ ನನಗೆ ಕಂಠಪಾಠ.

ಮುಂದೆ ಆರೋಪಿಗಳ ಪರ ವಕೀಲರು ಎದ್ದರು. ಅವರಿಗೆ ಉತ್ಸಾಹ ಬಂದಿತ್ತು. “ಹಾಗಾದ್ರೆ ನೀವು ಎಂತದೂ ನೋಡಲೇ ಇಲ್ಲ. ಅಲ್ಲಿ ಇರಲೂ ಇಲ್ಲ. ಸರಿಯಾ?”

“ಸರಿಯಲ್ಲ. ಏಟು ನೋಡಿದ್ದೇನೆ. ಪೈಪ್ ನೋಡಿದ್ದೇನೆ.”

“ಇಪ್ಪತ್ತು ಅಡಿ ದೂರದಿಂದ?”

“ಇಪ್ಪತ್ತೂ ಅಭ್ಯಾಸವೇ. ಅವನು ನಿಂತದ್ದು ಈಗ ನೀವು ನಿಂತಷ್ಟು ಹತ್ತಿರ.”

ಅವರು ಒಂದು ಹೆಜ್ಜೆ ಹಿಂದೆ ಸರಿದರು, ತಿಳಿಯದೆಯೇ. ನ್ಯಾಯಾಧೀಶರು ಅವರನ್ನು ಮೊದಲಿನ ಜಾಗಕ್ಕೆ ಕರೆದು ನಿಲ್ಲಿಸಿ ಅಳೆಸಿದರು. ಒಂಬತ್ತು ಅಡಿ. ಒಂಬತ್ತು ಅಡಿಯಲ್ಲಿ ನಿಂತು ಮುಖ ಕಾಣದವಳು ಎಂದು ವಕೀಲರು ನಗಾಡಿದರು. ಆಮೇಲೆ ಜಪ್ತಿ ಮಾಡಿ ಕಾಗದ ಸುತ್ತಿ ಮುದ್ರೆ ಹಾಕಿದ್ದ ಪೈಪನ್ನು ತಂದಾಗ, ಅದನ್ನು ಬಿಚ್ಚುವ ಮೊದಲೇ ಹೇಳಿದೆ: ಒಂದು ತುದಿಯಲ್ಲಿ ಕೆಂಪು ಮಣ್ಣು ತುಂಬಿದೆ, ಮಣ್ಣಿನಲ್ಲಿ ಹಸಿರು ದಾರದ ಎಳೆ ಇದೆ. ಮುದ್ರೆ ಒಡೆದು ಕಾಗದ ಬಿಚ್ಚಿದರು. ಮಣ್ಣು ಒಣಗಿ ಕಲ್ಲಾಗಿತ್ತು. ಎಳೆ ಹಾಗೇ ಇತ್ತು.

ಹೊರಗೆ ಬಂದಾಗ ಸುದ್ದಿ ನನಗಿಂತ ಮೊದಲೇ ಬೆಂಚು ತಲುಪಿತ್ತು. ಚೇಚಿ ಎದ್ದು ನಿಂತರು. ಮಡಚಿದ ಕೈಯನ್ನು ಮುಂದೆ ಮಾಡಿ, “ಇದೂ ನಿನಗೆ ಫೋಟೋದಲ್ಲಿ ಕಂಡದ್ದಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಮೆಟ್ಟಿಲಿಳಿದು ಹೋದರು.

ತೀರ್ಪಿನ ನಕಲನ್ನು ಅರ್ಜಿ ಹಾಕಿ ಪಡೆದು ಮನೆಯಲ್ಲಿ ಓದಿದೆ. ಚೇಚಿಯ ಸಾಕ್ಷ್ಯ ಏನಾಯಿತೆಂದು ಗೊತ್ತಾದದ್ದು ಆಗಲೇ. ಇಂಥ ಸರ ನೆಲ್ಯಾಡಿಯಲ್ಲಿ ನೂರು ಕುತ್ತಿಗೆಯಲ್ಲಿ ಇದೆ, ಟೇಪನ್ನು ಯಾರು ಬೇಕಾದರೂ ಸುತ್ತಬಹುದು ಎಂದು ವಕೀಲರು ವಾದಿಸಿದ್ದರಂತೆ. ಹೌದು, ಸುತ್ತಬಹುದು ಎಂದು ಚೇಚಿ ಒಪ್ಪಿದ್ದರು. ಆದರೆ ಬಿಚ್ಚಿ ನೋಡಿ, ಗಂಟು ಇದ್ದರೆ ಅದು ನನ್ನದಲ್ಲ, ತುದಿ ಕೊನೆಯ ಸುತ್ತಿನ ಅಡಿಗೆ ಹೋಗಿರುತ್ತದೆ, ಒಳಗೆ ಕೊಂಡಿಯ ಎಡಬದಿ ಸವೆದು ತೆಳ್ಳಗಾಗಿದೆ ಎಂದಿದ್ದರು. ನ್ಯಾಯಾಧೀಶರ ಎದುರೇ ಟೇಪು ಬಿಚ್ಚಿದರು. ಗಂಟು ಇರಲಿಲ್ಲ. ಕೊಂಡಿಯ ಎಡಬದಿ ಸವೆದಿತ್ತು. ಸರ ಕದ್ದವರು ಟೇಪನ್ನು ಬಿಚ್ಚುವ ಗೋಜಿಗೇ ಹೋಗಿರಲಿಲ್ಲ. ತೆರೆಯುವ ಮೊದಲು ಹೇಳಿದ್ದು ತೆರೆದ ಮೇಲೆ ಸಿಕ್ಕಿತು. ಮುಖ ನೋಡಿದೆ ಎನ್ನುವ ಹತ್ತು ಸಾಕ್ಷಿಗಳಿಗಿಂತ ಅದರ ತೂಕ ಹೆಚ್ಚು. ಮೊದಲನೆಯ ಆರೋಪಿಗೆ ಶಿಕ್ಷೆಯಾಯಿತು.

ನನ್ನ ಬಗ್ಗೆ ಒಂದೂವರೆ ಪುಟ ಇತ್ತು. ಗುರುತಿಸಿದ್ದನ್ನು ನಂಬುವಂತಿಲ್ಲ ಎಂದು ಬದಿಗಿಟ್ಟಿದ್ದರು. ಆದರೆ ಪ್ರತಿಕೂಲ ಎನಿಸಿಕೊಂಡ ಸಾಕ್ಷಿಯ ಮಾತನ್ನೆಲ್ಲ ಎಸೆಯಬೇಕಾಗಿಲ್ಲ. ಏಟು, ಪೈಪು, ಜಾಗ, ಹೊತ್ತು ಇವು ವೈದ್ಯರ ಮಾತಿಗೂ ಚೇಚಿಯ ಮಾತಿಗೂ ಹೊಂದುತ್ತವೆ, ಆದ್ದರಿಂದ ನಂಬಬಹುದು ಎಂದು ಬರೆದಿದ್ದರು. ಬೇರೆ ಸಾಕ್ಷ್ಯವಿಲ್ಲದ್ದರಿಂದ ಎರಡನೆಯವನಿಗೆ ಸಂಶಯದ ಲಾಭ ಕೊಟ್ಟು ಬಿಡುಗಡೆ.

ಚೇಚಿಯ ನರ್ಸರಿಗೆ ಹೋಗಲು ನನಗೆ ಐದು ತಿಂಗಳು ಬೇಕಾಯಿತು. ತಂಗಿಯ ಮನೆಗೆ ಹೋಗುವಾಗ ಬಸ್ಸಿನ ಆಚೆ ಬದಿಯ ಕಿಟಕಿಯಲ್ಲಿ ಕೂರುತ್ತಿದ್ದೆ. ಒಂದು ದಿನ ಅಲ್ಲೇ ಇಳಿದೆ. ಚೇಚಿ ಎಡಗೈಯಲ್ಲಿ ಕಸಿ ಕಟ್ಟುತ್ತಿದ್ದರು, ಟೇಪಿನ ತುದಿ ಹಲ್ಲಿನಲ್ಲಿ. ನನ್ನನ್ನು ನೋಡಿದರು. ಟೇಪು ಸುತ್ತಿ ಮುಗಿಸಿದರು. ಅವಸರ ಮಾಡಲಿಲ್ಲ.

“ಬಸ್ಸಲ್ಲಿ ಆಚೆ ಬದಿಗೆ ಕೂತ್ರೆ ಕಾಣುದಿಲ್ಲ ಅಂತ ಮಾಡಿದ್ಯಾ? ಈಗ ದೂರದ ಕನ್ನಡಕ ಹಾಕ್ತೇನೆ ನಾನು.”

ನಾನು ಗಿಡದ ಚೀಲಗಳ ಪಕ್ಕದಲ್ಲಿ ಕುಳಿತೆ.

“ಒಂದೇ ಕೇಳ್ತೇನೆ. ನನಗೆ ಮಾತ್ರ ಹೇಳು, ಕೋರ್ಟಿಗೆ ಬೇಡ. ಅವನೇನಾ?”

“ಗೊತ್ತಿಲ್ಲ ಚೇಚಿ.”

“ಒಂಬತ್ತು ಅಡಿಯಿಂದ?”

“ಒಂಬತ್ತು ಅಡಿಯಿಂದ.”

ಚೇಚಿ ಇನ್ನೊಂದು ಗಿಡ ತೆಗೆದುಕೊಂಡರು. ಅದರ ತುದಿಯನ್ನು ಚೂರಿಯಲ್ಲಿ ಓರೆಯಾಗಿ ಕತ್ತರಿಸಿದರು.

“ಮೊನ್ನೆ ಕಡಬ ಪೇಟೆಯಲ್ಲಿ ಸಿಕ್ಕಿದ” ಎಂದರು ಆಮೇಲೆ. “ಎದುರಿಗೇ ಬಂದ. ಹೆಂಡತಿ ಇದ್ದಳು ಜೊತೆಗೆ, ಕಂಕುಳಲ್ಲಿ ಮಗು. ನನ್ನನ್ನು ನೋಡಿ ನಿಂತು ಕೈ ಮುಗಿದ. ಹೊಡೆದದ್ದಕ್ಕೆ ಮುಗಿದದ್ದಾ, ಹೊಡೆಯದೆ ಒಳಗೆ ಕೂತದ್ದಕ್ಕೆ ಮುಗಿದದ್ದಾ, ಯಾರಿಗೆ ಗೊತ್ತು ಮಾರಾಯ್ತಿ?”

“ನೀವು ಎಂತ ಮಾಡಿದ್ರಿ?”

“ಎಂತ ಮಾಡುದು? ನಾನೂ ಮುಗಿದೆ. ಈ ಕೈ ಎಷ್ಟು ಬರ್ತದೋ ಅಷ್ಟು.”

ಅವರು ಚೂರಿ ಕೆಳಗಿಟ್ಟು ಮಾಡಿ ತೋರಿಸಿದರು. ಎಡಗೈ ಎದೆಯ ಮುಂದೆ ಬಂತು. ಬಲಗೈ ಅರ್ಧಕ್ಕೆ ನಿಂತಿತು.

ನನ್ನ ಬೆರಳುಗಳು ತಾವಾಗಿಯೇ ಅಲುಗಿದವು. ಟೈಪ್ ಮಾಡಬೇಕಾಗಿದ್ದರೆ ಹೀಗೆ ಮಾಡುತ್ತಿದ್ದೆ, ಒಂದಕ್ಷರ ಹೆಚ್ಚಿಲ್ಲದೆ: ‘(ಸಾಕ್ಷಿಯು ಕೈ ಮುಗಿದು ತೋರಿಸುತ್ತಾರೆ. ಎರಡು ಅಂಗೈಗಳ ನಡುವೆ ಒಂದು ಗೇಣು ಅಂತರ ಉಳಿಯುತ್ತದೆ.)’